ಮೂರನೇ ತರಗತಿ ಮುಗಿದ ಮೇಲೆ ಏನಾಗುತ್ತದೆ?

ಸರ್ಕಾರಿ ಕನ್ನಡ ಶಾಲೆಯ ಮಕ್ಕಳಿಗೆ ನಾಲ್ಕನೇ ತರಗತಿಯ ಜೂನ್ ತಿಂಗಳು ಕಷ್ಟದ ತಿಂಗಳು. ಅದುವರೆಗೆ ಗುಂಪು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿತವರು ಅವರು. ಈಗ ಸಾಲಾಗಿ ಕೂರಬೇಕು. ವಿಷಯಕ್ಕೊಂದು ಪಠ್ಯಪುಸ್ತಕ ಕೈಗೆ ಬರುತ್ತದೆ. ಎಲ್ಲರೂ ಒಂದೇ ದಿನ ಒಂದೇ ಪಾಠ ಓದಬೇಕು. ಸರಾಗವಾಗಿ ಓದುವವರಿಗೂ ಅದೇ ಪಾಠ, ಒತ್ತಕ್ಷರದಲ್ಲಿ ಇನ್ನೂ ತಡವರಿಸುವವರಿಗೂ ಅದೇ ಪಾಠ.

ಪಠ್ಯದ ಬಗ್ಗೆ ನಮ್ಮ ರಾಜ್ಯದಲ್ಲಿ ಜಗಳವೇನೂ ಕಡಿಮೆಯಿಲ್ಲ. ಯಾವ ಪಾಠ ಸೇರಿತು, ಯಾವುದು ಹೋಯಿತು, ಯಾರ ಸಮಿತಿ ಪರಿಷ್ಕರಿಸಿತು ಅಂತ 2017ರಲ್ಲೂ, 2022ರಲ್ಲೂ, 2023ರಲ್ಲೂ ವಾದ ನಡೆಯಿತು. ಆ ವಾದಗಳು ಬೇಕು. ಆದರೆ ಯಾವುದನ್ನು ಯಾವ ತರಗತಿಯಲ್ಲಿ ಕಲಿಸಬೇಕು, ಒಂದು ತರಗತಿಯಿಂದ ಮುಂದಿನದಕ್ಕೆ ಮಗು ಹೇಗೆ ದಾಟಬೇಕು ಅನ್ನುವ ಮಾತು ಅಲ್ಲಿ ಬರುವುದೇ ಇಲ್ಲ. 1ರಿಂದ 8ನೇ ತರಗತಿವರೆಗಿನ ಓದಿನಲ್ಲಿ ಮಕ್ಕಳು ಜಾಸ್ತಿ ಹಿಂದೆ ಬೀಳುವುದು ತರಗತಿಗಳ ನಡುವಿನ ದಾಟುವಿಕೆಯಲ್ಲಿ ಅಂತ ನನಗನ್ನಿಸುತ್ತದೆ. 3ರಿಂದ 4ಕ್ಕೆ, 5ರಿಂದ 6ಕ್ಕೆ, 7ರಿಂದ 8ಕ್ಕೆ. ಈ ಮೂರು ಕಡೆ ಕಲಿಸುವ ರೀತಿಯೋ ಶಾಲೆಯೋ ಬದಲಾಗುತ್ತದೆ, ಮತ್ತು ಆ ಬದಲಾವಣೆಯ ಭಾರ ಪೂರ್ತಿ ಮಗುವಿನ ಮೇಲೆ ಬೀಳುತ್ತದೆ.

ಮೊದಲು ಕಾಗದದ ಮೇಲಿನ ವ್ಯವಸ್ಥೆ ನೋಡೋಣ. ರಾಜ್ಯ ಪಠ್ಯಕ್ರಮದಲ್ಲಿ 1ರಿಂದ 3ರವರೆಗೆ ನಲಿ-ಕಲಿ, ಅಂದರೆ ಗುಂಪಿನಲ್ಲಿ ಕೂತು ಕಾರ್ಡುಗಳಿಂದ ಕಲಿಯುವ ಪದ್ಧತಿ. ಕನ್ನಡ, ಗಣಿತ, ಪರಿಸರ ಅಧ್ಯಯನ, ಜೊತೆಗೆ ಇಂಗ್ಲಿಷ್. 4 ಮತ್ತು 5ರಲ್ಲಿ ವಿಷಯಗಳು ಅವೇ, ಆದರೆ ಪಠ್ಯಪುಸ್ತಕದ ಮೂಲಕ. 6ರಿಂದ ಪರಿಸರ ಅಧ್ಯಯನ ಒಡೆದು ವಿಜ್ಞಾನ, ಸಮಾಜ ವಿಜ್ಞಾನ ಆಗುತ್ತದೆ, ಮೂರನೇ ಭಾಷೆಯೂ ಸೇರುತ್ತದೆ. 8ನೇ ತರಗತಿ ಕೆಲವು ಕಡೆ ಪ್ರಾಥಮಿಕ ಶಾಲೆಯಲ್ಲಿದೆ, ಅನೇಕ ಕಡೆ ಹೈಸ್ಕೂಲಿನಲ್ಲಿದೆ.

ಈ ಗೆರೆಗಳನ್ನು ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಯಾರಿಗೂ ಯಾರೊಂದಿಗೂ ಒಮ್ಮತ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 1ರಿಂದ 8ನ್ನು ಒಂದೇ ಘಟ್ಟ ಅನ್ನುತ್ತದೆ, ಒಳಗೆ 5ರ ಬಳಿ ಒಂದು ಗೆರೆ ಎಳೆಯುತ್ತದೆ. ಕೇಂದ್ರದ 2020ರ ಶಿಕ್ಷಣ ನೀತಿಯದು 5+3+3+4 ಲೆಕ್ಕ: ಅಂಗನವಾಡಿ ವಯಸ್ಸಿನಿಂದ 2ನೇ ತರಗತಿವರೆಗೆ ಒಂದು ಹಂತ, 3ರಿಂದ 5 ಇನ್ನೊಂದು, 6ರಿಂದ 8 ಮತ್ತೊಂದು. ಕರ್ನಾಟಕ ಆ ನೀತಿ ಬೇಡವೆಂದು 2023ರ ಅಕ್ಟೋಬರ್‌ನಲ್ಲಿ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಮಾಡಿತು. 2025ರ ಆಗಸ್ಟ್‌ನಲ್ಲಿ ಅದು ಕೊಟ್ಟ ವರದಿ ಹೇಳಿದ್ದು 2+8+4. ಅಂದರೆ ಎರಡು ವರ್ಷ ಪೂರ್ವ ಪ್ರಾಥಮಿಕ, 8 ವರ್ಷ ಪ್ರಾಥಮಿಕ, 4 ವರ್ಷ ಪ್ರೌಢ. ಈ ಯಾವ ಲೆಕ್ಕದಲ್ಲೂ 3ನೇ ತರಗತಿಯ ಕೊನೆಗೆ ಗೆರೆ ಇಲ್ಲ. ತರಗತಿಯ ಕೋಣೆಯಲ್ಲಿ ಮಾತ್ರ ಅತಿ ದೊಡ್ಡ ಗೆರೆ ಇರುವುದು ಅಲ್ಲೇ. ಅದು ಯಾಕೆ ಅಂತ ತಿಳಿಯಲು ನಲಿ-ಕಲಿಯ ಒಳಗೆ ಹೋಗಬೇಕು.

ನಲಿ-ಕಲಿ ಮೇಲಿನಿಂದ ಇಳಿದುಬಂದ ಯೋಜನೆ ಅಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶಿಕ್ಷಕರೇ ಸೇರಿ ಶುರು ಮಾಡಿದ್ದು. ಆಂಧ್ರದ ರಿಷಿ ವ್ಯಾಲಿ ಶಾಲೆಯವರು ಸುತ್ತಲ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿಬಂದು, ಅಲ್ಲಿನ ಕ್ರಮವನ್ನು ನಮ್ಮ ಶಾಲೆಗಳಿಗೆ ಹೊಂದಿಸಿಕೊಂಡರು. ಯುನಿಸೆಫ್ ನೆರವು ಸಿಕ್ಕಿತು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಆಮೇಲೆ ಅದರಲ್ಲಿ ಬದಲಾವಣೆಗಳಾಗಿವೆ, ಆದರೆ ಮೂಲ ಯೋಚನೆ ಉಳಿದುಕೊಂಡಿದೆ.

ಆ ಯೋಚನೆ ಏನೆಂದರೆ, 1, 2, 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಲಿಯಬೇಕಾದದ್ದನ್ನು ಪಾಠಗಳಾಗಿ ಅಲ್ಲ, ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದಿರುತ್ತಾರೆ. ಅದಕ್ಕೆ ಕಲಿಕಾ ಏಣಿ ಅಂತ ಹೆಸರು. ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೊಂದು ಚಿತ್ರದ ಗುರುತು. ಓದಲು ಬಾರದ ಮಗುವೂ ಏಣಿಯ ಪಟ ನೋಡಿ ಆ ಗುರುತಿನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ.

ಗುಂಪುಗಳಿಗೆ ತಟ್ಟೆ ಅನ್ನುತ್ತಾರೆ. ಒಂದು ತಟ್ಟೆಗೆ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದಕ್ಕೆ ಆಗಾಗ ಬರುತ್ತಾರೆ. ಮತ್ತೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಒಂದು ಕಾರ್ಡು ಮುಗಿದಾಗ ಮುಂದಿನ ಕಾರ್ಡು ಯಾವ ತಟ್ಟೆಗೆ ಸೇರಿದೆಯೋ ಅಲ್ಲಿಗೆ ಹೋಗುತ್ತದೆ. ಹೀಗಾಗಿ ಕೂರುವ ಜಾಗವನ್ನು ತರಗತಿ ಗೊತ್ತು ಮಾಡುವುದಿಲ್ಲ, ಕಲಿಕೆ ಗೊತ್ತು ಮಾಡುತ್ತದೆ. ಒಂದು ವಾರ ಜ್ವರ ಬಂದು ಮನೆಯಲ್ಲಿದ್ದ ಮಗು ವಾಪಸ್ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮಾವಿನ ಕಾಯಿ ಕೀಳಲೋ ಕಬ್ಬು ಕಡಿಯಲೋ ಅಪ್ಪ ಅಮ್ಮನ ಜೊತೆ ಊರು ಬಿಟ್ಟು ಹೋಗುವ ಮಕ್ಕಳಿಗೆ ಇದೆಷ್ಟು ದೊಡ್ಡ ಅನುಕೂಲ ಅಲ್ವಾ!

ಅಕ್ಷರ ಕಲಿಸುವ ಕ್ರಮ ನೋಡಿ. ನಾವೆಲ್ಲ ಅ, ಆ, ಇ, ಈ ಅಂತ ಶುರು ಮಾಡಿದವರು. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭವಾದ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರವಾದ ಅಕ್ಷರಗಳು ಮೊದಲು. ಮೊದಲ ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಅಗಸ, ಗರಗಸ ಅಂತ ಓದಬಲ್ಲದು. ವರ್ಣಮಾಲೆ ಪೂರ್ತಿ ಮುಗಿಯುವವರೆಗೆ ಕಾಯಬೇಕಿಲ್ಲ. ತಿಂಗಳೊಪ್ಪತ್ತಿನಲ್ಲಿ "ನನಗೆ ಓದಲು ಬರುತ್ತೆ" ಅನ್ನುವ ಧೈರ್ಯ ಬಂದುಬಿಡುತ್ತದೆ. ಪಠ್ಯಕ್ರಮವನ್ನು ಜೋಡಿಸುವುದು ಅಂದರೆ ಇದೇ. ಏನು ಕಲಿಸಬೇಕು ಅನ್ನುವಷ್ಟೇ ಯಾವುದರ ಹಿಂದೆ ಯಾವುದು ಅನ್ನುವುದೂ ಮುಖ್ಯ.

ಇದರಲ್ಲಿ ತೊಂದರೆ ಇಲ್ಲವೇ? ಇದೆ. ಕೋಣೆಯಲ್ಲಿ ಮಕ್ಕಳು ಜಾಸ್ತಿಯಾದರೆ ಒಬ್ಬ ಶಿಕ್ಷಕಿ ಅಷ್ಟೂ ತಟ್ಟೆ ನೋಡಿಕೊಳ್ಳಲಾರರು. ಕಾರ್ಡುಗಳು ಹರಿದರೆ, ಕಳೆದರೆ, ಹೊಸದು ಬರುವುದು ತಡ. "ನಮ್ಮ ಮಗು ಆಟ ಆಡಿಕೊಂಡೇ ಇದೆ, ಪುಸ್ತಕವೇ ಇಲ್ಲ" ಅಂತ ತಂದೆ ತಾಯಿ ದೂರುತ್ತಾರೆ. ಖಾಸಗಿ ಶಾಲೆಯ ಮಗು ಒಂದನೇ ತರಗತಿಗೇ ಬ್ಯಾಗು ತುಂಬ ಪುಸ್ತಕ ಹೊರುವುದನ್ನು ಕಂಡಾಗ ಹೋಲಿಕೆ ಸಹಜ. ಮೂರು ತರಗತಿಗಳನ್ನು ಬೇರೆ ಬೇರೆ ಮಾಡಿ ಅನ್ನುವ ಒತ್ತಾಯ ಕೇಳಿಬರುವುದೂ ಇದರಿಂದಲೇ. ಆ ಪೋಷಕರನ್ನು ನಾನು ತಪ್ಪು ಅನ್ನಲಾರೆ. ಅವರ ಭಯ 4ನೇ ತರಗತಿಯ ಬಗ್ಗೆ, ಮತ್ತು ಆ ಭಯಕ್ಕೆ ಕಾರಣವಿದೆ.

ಯಾಕೆಂದರೆ 4ಕ್ಕೆ ಬಂದ ಕೂಡಲೇ ಏಣಿ ಇಲ್ಲ, ತಟ್ಟೆ ಇಲ್ಲ. ಮೂರು ವರ್ಷದಲ್ಲಿ ಏಣಿಯ ಕೊನೆ ಮುಟ್ಟಿದ ಮಗುವೂ ಅಲ್ಲಿದೆ, ಮಧ್ಯದಲ್ಲಿ ಇನ್ನೂ ಹತ್ತುತ್ತಿದ್ದ ಮಗುವೂ ಅಲ್ಲಿದೆ. ಎರಡನೆಯ ಮಗು ಹಿಂದುಳಿದದ್ದಲ್ಲ, ಅದರ ವೇಗ ಅಷ್ಟು. ನಲಿ-ಕಲಿ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಆದರೆ 4ನೇ ತರಗತಿಯ ಪುಸ್ತಕ ಬರೆದವರು ಎಲ್ಲರೂ ಕೊನೆ ಮುಟ್ಟಿದ್ದಾರೆ ಅಂತಲೇ ಬರೆದಿರುತ್ತಾರೆ. ಮೇ ತಿಂಗಳವರೆಗೆ ಸರಿಯಾಗಿದ್ದ ಮಗು ಜೂನ್‌ನಲ್ಲಿ ಇದ್ದಕ್ಕಿದ್ದಂತೆ ದಡ್ಡ ಅನ್ನಿಸಿಕೊಳ್ಳುತ್ತದೆ. ಮಗುವಿನಲ್ಲಿ ಬದಲಾದದ್ದು ಏನೂ ಇಲ್ಲ.

ಇಲಾಖೆಗೆ ಇದು ಗೊತ್ತಿಲ್ಲ ಅಂತಲ್ಲ. ಪ್ರತಿ ವರ್ಷ ಶಾಲೆ ಶುರುವಾದಾಗ ಸೇತುಬಂಧ ನಡೆಯುತ್ತದೆ. ಪೂರ್ವ ಪರೀಕ್ಷೆ ಮಾಡಿ, ಹಿಂದಿನ ತರಗತಿಯಲ್ಲಿ ಬಿಟ್ಟುಹೋದದ್ದನ್ನು ಕಲಿಸಿ, ಕಲಿತರೇ ಅಂತ ನೋಡಲು ಸಾಫಲ್ಯ ಪರೀಕ್ಷೆ ಮಾಡಬೇಕು. ಯೋಚನೆ ಒಳ್ಳೆಯದು. ಸಮಯ ಸಾಲುವುದಿಲ್ಲ ಅಷ್ಟೇ. ಒಂದೂವರೆ ವರ್ಷದ ಕಲಿಕೆ ಬಾಕಿ ಇರುವ ಮಗುವಿಗೆ ಕೆಲವು ವಾರದ ಸೇತುಬಂಧ ಎಲ್ಲಿ ಸಾಕಾದೀತು? ಅದು ಮುಗಿದ ಮೇಲೆ ಪಾಠ ಮುಗಿಸುವ ಓಟ ಶುರು. ವರ್ಷಕ್ಕೆ 4 ರೂಪಣಾತ್ಮಕ ಮೌಲ್ಯಮಾಪನ (ಕಲಿಕೆಯ ನಡುನಡುವೆ ನಡೆಯುವಂಥದ್ದು), 2 ಸಂಕಲನಾತ್ಮಕ ಮೌಲ್ಯಮಾಪನ (ಅವಧಿಯ ಕೊನೆಯ ಪರೀಕ್ಷೆ). ಶಿಕ್ಷಕರನ್ನು ಮೇಲಿನವರು ಕೇಳುವ ಪ್ರಶ್ನೆ "ಎಷ್ಟು ಪಾಠ ಮುಗಿಯಿತು?" ಅನ್ನುವುದೇ.

ಇದರ ಜೊತೆ ಶಿಕ್ಷಕರ ಲೆಕ್ಕ ಸೇರಿಸಿ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ರವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು ಶಿಕ್ಷಕರು. ಒಬ್ಬರು ನಲಿ-ಕಲಿ ನೋಡಿದರೆ ಇನ್ನೊಬ್ಬರಿಗೆ 4 ಮತ್ತು 5 ಎರಡೂ. ಸಣ್ಣ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇದೇ ದಿನನಿತ್ಯದ ಸ್ಥಿತಿ. ನಲಿ-ಕಲಿ ಶಿಕ್ಷಕಿಗೆ ಬಹುತರಗತಿ ಕೋಣೆಗೆಂದೇ ತಯಾರಾದ ಸಾಮಗ್ರಿ ಇದೆ, ತರಬೇತಿ ಇದೆ. ಪಕ್ಕದ ಕೋಣೆಯಲ್ಲೂ ಇರುವುದು ಬಹುತರಗತಿಯೇ, ಆದರೆ ಅಲ್ಲಿನ ಪುಸ್ತಕಗಳು ಒಂದು ತರಗತಿಗೆ ಒಬ್ಬ ಶಿಕ್ಷಕ ಇದ್ದಾನೆ ಅನ್ನುವ ಲೆಕ್ಕದಲ್ಲಿ ಬರೆದಂಥವು. ಪಠ್ಯಕ್ರಮ ಮಾಡುವವರು ಈ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ನಲಿ-ಕಲಿಯಲ್ಲಿ ಮಾತ್ರ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಎಲ್ಲ ವಿಷಯಗಳನ್ನೂ ತರಗತಿವಾರು ಒಂದೇ ರೀತಿ ಹಂಚುವುದು ಸರಿಯಲ್ಲ. ಗಣಿತ ಸರಪಳಿಯಂತೆ, ಒಂದು ಕೊಂಡಿ ಕಳಚಿದರೆ ಮುಂದಿನದು ಹಿಡಿಯುವುದಿಲ್ಲ. ಎರಡನೇ ತರಗತಿಯಲ್ಲಿ ಬಿಡಿ, ಹತ್ತರ ಸ್ಥಾನಬೆಲೆ ಸರಿಯಾಗಿ ಕೂರದ ಮಗುವಿಗೆ ದಶಕ ತೆಗೆದುಕೊಂಡು ಕಳೆಯುವುದು ಬರುವುದಿಲ್ಲ. ಕಳೆಯಲು ಬಾರದಿದ್ದರೆ ಭಾಗಾಕಾರ ಆಗದು. ಭಾಗಾಕಾರ ಇಲ್ಲದೆ ಭಿನ್ನರಾಶಿ ಇಲ್ಲ, ಭಿನ್ನರಾಶಿ ಇಲ್ಲದೆ ದಶಮಾಂಶ, ಶೇಕಡಾ ಯಾವುದೂ ಇಲ್ಲ. ಏಳನೇ ತರಗತಿಯಲ್ಲಿ ಬಡ್ಡಿ ಲೆಕ್ಕ ಬಾರದ ಹುಡುಗನ ಕಷ್ಟ ಶುರುವಾದದ್ದು ಏಳರಲ್ಲಲ್ಲ. ಎರಡರಲ್ಲೋ ಮೂರರಲ್ಲೋ.

ಸಮಾಜ ವಿಜ್ಞಾನ ಹಾಗಲ್ಲ. ಆರನೇ ತರಗತಿಯಲ್ಲಿ ಕಲಬುರಗಿ ವಿಭಾಗದ ಪಾಠ ತಪ್ಪಿಹೋದರೂ ಏಳರಲ್ಲಿ ವಿಜಯನಗರದ ಪಾಠ ಅರ್ಥವಾಗುತ್ತದೆ. ಹಾಗಿದ್ದೂ ಎರಡಕ್ಕೂ ಒಂದೇ ತರಹದ ವಾರ್ಷಿಕ ಪಾಠಯೋಜನೆ, ಒಂದೇ ತರಹದ ಘಟಕ ಪರೀಕ್ಷೆ. ಗಣಿತಕ್ಕೂ ಓದಿಗೂ ತರಗತಿಯ ಗೋಡೆ ಬೇಡ, ಮಗು ಇರುವ ಮಟ್ಟದಿಂದ ಶುರು ಮಾಡಿ ಅಂತ ಹೇಳುವ ಕೆಲಸ ನಮ್ಮಲ್ಲೇ ನಡೆದಿದೆ. 4 ಮತ್ತು 5ನೇ ತರಗತಿಗೆ, ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ ಜೊತೆ ಸರ್ಕಾರ ನಡೆಸಿದ ಓದು ಕರ್ನಾಟಕ ಅಂಥದ್ದು. ಅಕ್ಷರ, ಪದ, ವಾಕ್ಯವೃಂದ, ಕಥೆ ಅಂತ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡಿ ದಿನಕ್ಕೆ ಸ್ವಲ್ಪ ಹೊತ್ತು ಕಲಿಸುವುದು. ಅಂದರೆ ನಲಿ-ಕಲಿಯ ಯೋಚನೆಯೇ ಬೇರೆ ಹೆಸರಿನಲ್ಲಿ 4ಕ್ಕೂ ಬಂದಿತ್ತು. ಆದರೆ ಅದು ಪಠ್ಯಕ್ರಮದ ಭಾಗವಾಗಲಿಲ್ಲ, ಪಕ್ಕದಲ್ಲಿ ನಡೆಯುವ ಕಾರ್ಯಕ್ರಮವಾಗಿಯೇ ಉಳಿಯಿತು. ಕಾರ್ಯಕ್ರಮಗಳು ಬರುತ್ತವೆ, ಹೋಗುತ್ತವೆ. ಅಧಿಕಾರಿ ಬದಲಾದರೆ ಅದೂ ಬದಲಾಗುತ್ತದೆ. ಪಠ್ಯಪುಸ್ತಕ ಮಾತ್ರ ಶಾಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ಇದು ಕರ್ನಾಟಕದ ಕಥೆ ಮಾತ್ರ ಅಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ದೇಶದ ಗ್ರಾಮೀಣ ಭಾಗದ 5ನೇ ತರಗತಿ ಮಕ್ಕಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ 2ನೇ ತರಗತಿ ಮಟ್ಟದ ಪಠ್ಯ ಓದಲು ಬರುವುದಿಲ್ಲ. ಆ ಮಕ್ಕಳು ಮಾರನೆಯ ವರ್ಷ 6ಕ್ಕೆ ಹೋಗುತ್ತಾರೆ.

6ರಲ್ಲಿ ಒಮ್ಮೆಗೇ ಎಷ್ಟು ಬದಲಾಗುತ್ತದೆ ನೋಡಿ. ಪರಿಸರ ಅಧ್ಯಯನದಲ್ಲಿ ಮನೆ, ಊರು, ಕೆರೆ, ಬೆಳೆ ಅಂತ ಕಣ್ಣಿಗೆ ಕಾಣುವುದರಿಂದ ಪಾಠ ಶುರುವಾಗುತ್ತಿತ್ತು. ಈಗ ವಿಜ್ಞಾನ ಬೇರೆ, ಇತಿಹಾಸ ಬೇರೆ, ಭೂಗೋಳ ಬೇರೆ. ಪುಸ್ತಕದ ಭಾಷೆ ಭಾರವಾಗುತ್ತದೆ. ಹಿಂದಿಯ ಹೊಸ ಲಿಪಿ ಬರುತ್ತದೆ. ಕನ್ನಡವೇ ಸರಿಯಾಗಿ ಕೂಡಿಸಿ ಓದಲಾಗದ ಮಗುವಿಗೆ ಇಂಗ್ಲಿಷ್ ಜೊತೆ ಮೂರನೆಯ ಅಕ್ಷರಮಾಲೆ. ಥೋರಟ್ ಆಯೋಗ ಎರಡು ಭಾಷೆ ಸಾಕು ಅಂದಾಗ ಚರ್ಚೆಯೆಲ್ಲ ಹಿಂದಿ ಬೇಕೋ ಬೇಡವೋ ಅನ್ನುವುದರ ಸುತ್ತ ತಿರುಗಿತು. ಆರನೇ ತರಗತಿಯ ಮಗುವಿನ ಹೊರೆ ಅಂತ ಅದನ್ನು ನೋಡಿದವರು ಕಡಿಮೆ. ಕನಿಷ್ಠ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕು ಅಂತಲೂ ಆಯೋಗ ಹೇಳಿದೆ. ಹಾಗಾದರೆ 6ರಲ್ಲಿ ಮಾಧ್ಯಮ ಬದಲಿಸುವ ಮಕ್ಕಳಿಗೆ ವಿಷಯವೂ ಹೊಸದು, ಅದನ್ನು ಓದುವ ಭಾಷೆಯೂ ಹೊಸದು. ಎರಡೂ ಒಂದೇ ವರ್ಷ ಬೀಳದಂತೆ ನೋಡಿಕೊಳ್ಳುವುದು ಪಠ್ಯಕ್ರಮ ಮಾಡುವವರ ಕೆಲಸ.

ಕಾಯ್ದೆ 6ರಿಂದ 8ಕ್ಕೆ ವಿಜ್ಞಾನ-ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ಬೇರೆ ಬೇರೆ ಶಿಕ್ಷಕರು ಇರಬೇಕು ಅನ್ನುತ್ತದೆ. ವರ್ಷಕ್ಕೆ ಕನಿಷ್ಠ 220 ದಿನ, 1000 ಗಂಟೆ ಪಾಠ ಅನ್ನುತ್ತದೆ. 1ರಿಂದ 5ಕ್ಕೆ ಅದು 200 ದಿನ, 800 ಗಂಟೆ. ಇದಕ್ಕೆಂದೇ ಕರ್ನಾಟಕ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಮಾಡಿತು. ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಯಾರು ಸಿಕ್ಕರೋ ಅವರೇ ವಿಜ್ಞಾನ ಕಲಿಸುತ್ತಾರೆ, ಇಲ್ಲವೇ ಅತಿಥಿ ಶಿಕ್ಷಕರು ಬರುತ್ತಾರೆ.

7ರಿಂದ 8ಕ್ಕೆ ದಾಟುವುದು ಪಾಠಕ್ಕಿಂತ ದಾರಿಯ ಸಮಸ್ಯೆ. ಊರಿನ ಶಾಲೆ 7ಕ್ಕೆ ಮುಗಿದರೆ ಹೈಸ್ಕೂಲು ಹೋಬಳಿಯಲ್ಲಿರುತ್ತದೆ. ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಹಿಂದೆಮುಂದೆ ನೋಡುವುದು ಇಲ್ಲೇ. ಕಾಯ್ದೆಯ ಪ್ರಕಾರ 8 ಕಡ್ಡಾಯ ಶಿಕ್ಷಣದ ಒಳಗಿದೆ, ಕಟ್ಟಡದ ಪ್ರಕಾರ ಹೊರಗಿದೆ. 2+8+4 ನಿಜಕ್ಕೂ ಜಾರಿಯಾದರೆ ಇದರಿಂದ ಆಗುವ ದೊಡ್ಡ ಲಾಭ ಇದೇ ಅಂತ ನನಗನ್ನಿಸುತ್ತದೆ: 8ನೇ ತರಗತಿ ಊರಿಗೆ ವಾಪಸ್ ಬರಬಹುದು. ಆದರೆ ಅದಕ್ಕೆ ಕೋಣೆ ಬೇಕು, ಶಿಕ್ಷಕರು ಬೇಕು. ಬರೀ ಸಂಖ್ಯೆ ಬದಲಾದರೆ ಏನೂ ಆಗುವುದಿಲ್ಲ.

ಈ ನಡುವೆ ನಾವು ಜಾಸ್ತಿ ಶಕ್ತಿ ಹಾಕಿದ್ದು ಪರೀಕ್ಷೆಯ ಮೇಲೆ. 5 ಮತ್ತು 8ಕ್ಕೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ 2023ರ ಮಾರ್ಚ್‌ನಲ್ಲಿ ನಡೆಯಿತು, ಅದಕ್ಕೆ ಮುಂಚೆ ಹೈಕೋರ್ಟ್‌ನಲ್ಲಿ ಹಗ್ಗಜಗ್ಗಾಟ ಆಯಿತು. 2024ರಲ್ಲಿ 5, 8, 9 ಮತ್ತು 11ನೇ ತರಗತಿಗೆ ಮತ್ತೆ ನಡೆಸಲು ಹೊರಟಾಗ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪರೀಕ್ಷೆ ಬರೆದ ಮಕ್ಕಳ ಫಲಿತಾಂಶಕ್ಕೆ 2024ರ ಏಪ್ರಿಲ್‌ನಲ್ಲಿ ತಡೆ ಬಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ತನ್ನ ಶಾಲೆಗಳಲ್ಲಿ 5 ಮತ್ತು 8ರಲ್ಲಿ ಮಕ್ಕಳನ್ನು ಫೇಲ್ ಮಾಡಬಹುದು ಅಂತ ನಿಯಮ ತಂದಿತು. 5ರ ಕೊನೆಯಲ್ಲಿ ಪರೀಕ್ಷೆ ಮಾಡಿದರೆ ಮಗು ಎಲ್ಲಿದೆ ಅಂತ ಗೊತ್ತಾಗುತ್ತದೆ, ನಿಜ. ಆದರೆ ಬಿಟ್ಟುಹೋದದ್ದು 3 ಮತ್ತು 4ರ ನಡುವೆ. ಎರಡು ವರ್ಷ ತಡವಾಗಿ ಗೊತ್ತಾಗಿ, ಅದೇ 5ನೇ ತರಗತಿಯ ಅದೇ ಪುಸ್ತಕವನ್ನು ಇನ್ನೊಮ್ಮೆ ಓದಿಸಿದರೆ ಮಗು ಕಲಿಯುವುದೇನು?

ತರಗತಿಯ ಗೋಡೆಯನ್ನು ದಾಟಿ ಪಠ್ಯಕ್ರಮ ಮಾಡಲು ನಮಗೆ ಬರುತ್ತದೆ ಅನ್ನುವುದಕ್ಕೆ ಪುರಾವೆ ಇದೆ. ಕೊರೊನಾ ನಂತರ 2022-23ನ್ನು ಸರ್ಕಾರ ಕಲಿಕಾ ಚೇತರಿಕೆಯ ವರ್ಷ ಅಂತ ಘೋಷಿಸಿತು. ಶಾಲೆಗಳು ಎರಡು ವಾರ ಮುಂಚೆ, ಮೇ 16ಕ್ಕೇ ತೆರೆದವು. ಹಿಂದಿನ ಎರಡು ವರ್ಷದ ಮುಖ್ಯ ಕಲಿಕಾ ಫಲಗಳನ್ನೂ (ಮಗು ಕಲಿತಿರಬೇಕಾದದ್ದನ್ನೂ) ಆ ವರ್ಷದ್ದನ್ನೂ ಸೇರಿಸಿ ಕಲಿಕಾ ಹಾಳೆಗಳನ್ನು ಮಾಡಿದರು. ಆರನೇ ತರಗತಿಯ ಮಗು ನಾಲ್ಕರ ಲೆಕ್ಕದಿಂದ ಶುರು ಮಾಡಬಹುದಿತ್ತು, ಅದಕ್ಕೆ ಯಾರೂ ನಾಚಬೇಕಿರಲಿಲ್ಲ. ಹಾಳೆಗಳು ತಡವಾಗಿ ಬಂದ ದೂರುಗಳಿದ್ದವು, ಶಿಕ್ಷಕರಿಗೆ ದಾಖಲೆ ಬರೆಯುವ ಕೆಲಸ ಹೆಚ್ಚಾಯಿತು. ಆದರೂ ಇಡೀ ರಾಜ್ಯ ಒಂದು ವರ್ಷ "ಮಗು ಎಲ್ಲಿದೆಯೋ ಅಲ್ಲಿಂದ" ಅನ್ನುವುದನ್ನು ಅಧಿಕೃತವಾಗಿ ಒಪ್ಪಿತ್ತು. ಮಾರನೆಯ ವರ್ಷ ಮತ್ತೆ ಪಾಠ ಮುಗಿಸುವ ಓಟಕ್ಕೆ ವಾಪಸ್. ಕೊರೊನಾ ಕಾಲದ ಮಕ್ಕಳಿಗೆ ಮಾತ್ರ ಈ ಕಷ್ಟ ಅಂದುಕೊಂಡೆವು. ಶಾಲೆಗೆ ದಿನವೂ ಬಂದ ಮಕ್ಕಳಿಗೂ ಇದು ಬೇಕಿತ್ತು.

ಹೊಸ ರಾಜ್ಯ ನೀತಿಯ ಮೇಲೆ ಪಠ್ಯಕ್ರಮ ಬರೆಯುವುದಾದರೆ ಮೊದಲು ಬದಲಾಗಬೇಕಾದದ್ದು 4ನೇ ತರಗತಿ. ಕನ್ನಡ ಓದಿಗೂ ಗಣಿತಕ್ಕೂ ಏಣಿಯನ್ನು 5ರವರೆಗೆ ಎಳೆಯಬಹುದು, ಉಳಿದ ವಿಷಯಗಳಿಗೆ ಪುಸ್ತಕ ಇರಲಿ. 4 ಮತ್ತು 5 ಒಟ್ಟಿಗೆ ಕೂರುವ ಕೋಣೆಗೆ ಅಂತಲೇ ಪಾಠ ಬರೆಯಲಿ, ಏಕೆಂದರೆ ಅನೇಕ ಶಾಲೆಗಳಲ್ಲಿ ಇರುವುದು ಆ ಕೋಣೆಯೇ. ಮೂರನೇ ಭಾಷೆ ಬೇಕೇ ಬೇಕು ಅನ್ನುವುದಾದರೆ 6ರಲ್ಲಿ ಮಾತಾಡಲು ಮಾತ್ರ ಕಲಿಸಿ, ಬರವಣಿಗೆ ಆಮೇಲೆ ಬರಲಿ. ಗಣಿತದ ವರ್ಷದ ಯೋಜನೆಯಲ್ಲಿ ಹಳೆಯದನ್ನು ಸರಿಪಡಿಸಲು ವಾರಕ್ಕೆ ಒಂದೆರಡು ಪೀರಿಯಡ್ ಖಾಯಂ ಆಗಿ ಇರಲಿ, ಜೂನ್‌ನಲ್ಲಷ್ಟೇ ಅಲ್ಲ.

ಇದೆಲ್ಲ ಆಗಲು ವರ್ಷಗಳು ಬೇಕು. ಆದರೆ ಒಂದು ಕೆಲಸವನ್ನು ಯಾವ ಆದೇಶಕ್ಕೂ ಕಾಯದೆ ಊರಿನವರೇ ಮಾಡಿಸಬಹುದು. ನಲಿ-ಕಲಿ ಕೋಣೆಯಲ್ಲಿ ಪ್ರತಿ ಮಗುವಿನ ಪ್ರಗತಿ ನೋಟ ಇರುತ್ತದೆ. ಯಾವ ಮೈಲಿಗಲ್ಲು ದಾಟಿದೆ, ಯಾವುದು ಬಾಕಿ ಅಂತ ಅದರಲ್ಲಿ ಕಾಣುತ್ತದೆ. ಶಾಲೆ ತೆರೆದ ಮೊದಲ ವಾರ ಅದು 4ನೇ ತರಗತಿಯ ಶಿಕ್ಷಕರ ಕೈ ಸೇರಿತೇ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿ. ನಲಿ-ಕಲಿ ಟೀಚರ್ ಮತ್ತು ನಾಲ್ಕನೇ ತರಗತಿ ಟೀಚರ್ ಇಬ್ಬರೂ ಒಂದು ಮಧ್ಯಾಹ್ನ ಕೂತು ಒಂದೊಂದೇ ಮಗುವಿನ ಬಗ್ಗೆ ಮಾತಾಡಿದರೆ, ಯಾರಿಗೆ ಯಾವ ಕಾರ್ಡಿನಿಂದ ಶುರು ಮಾಡಬೇಕು ಅನ್ನುವುದು ಪೂರ್ವ ಪರೀಕ್ಷೆ ಇಲ್ಲದೆಯೂ ಗೊತ್ತಾಗುತ್ತದೆ. ಬಾಕಿ ಉಳಿದ ಮಕ್ಕಳು ದಿನಕ್ಕೆ ಒಂದು ಗಂಟೆ ಪಕ್ಕದ ಕೋಣೆಗೆ ಹೋಗಿ ಅದೇ ಕಾರ್ಡುಗಳಲ್ಲಿ ಮುಂದುವರಿಯಲಿ. ಕಾರ್ಡು ಅಲ್ಲೇ ಇದೆ, ಟೀಚರ್ ಅಲ್ಲೇ ಇದ್ದಾರೆ.